ಮಳೆನೀರಿನ ಭರಣಿ

ನಮ್ಮ ಮನೆಯಲ್ಲಿ ಎರಡು ನೀರಿದ್ದವು. ಒಂದು ಬಾವಿಯದು, ಇನ್ನೊಂದು ಮಳೆಯದು. ಕುಡಿಯುವುದು, ಬೇಯಿಸುವುದು, ಒಗೆಯುವುದು ಎಲ್ಲ ಬಾವಿಯ ನೀರಿನಲ್ಲೇ. ಆಳಂದದ ನಮ್ಮ ಓಣಿಯ ಬಾವಿ ಎಂಥ ಜಿಪುಣ ಬಾವಿಯೆಂದರೆ, ಅರ್ಧ ಸಬಕಾರ ತಿಂದರೂ ಒಂದು ಹಿಡಿ ನೊರೆ ಕೊಡುತ್ತಿರಲಿಲ್ಲ. ಆ ನೀರು ಕಾಯಿಸಿದ ಹಂಡೆಯ ಒಳಗೆಲ್ಲ ಸುಣ್ಣ ಬಳಿದಂತೆ ಬಿಳಿ ಹಕ್ಕಳೆ ಕಟ್ಟುತ್ತಿತ್ತು. ಮಳೆಯ ನೀರು ಮಾತ್ರ ದೇವರ ಕೋಣೆಯ ಮೂಲೆಯಲ್ಲಿ, ನನ್ನ ಎದೆಮಟ್ಟದ ಚೀನಿ ಭರಣಿಯೊಳಗೆ, ಬಾಯಿಗೆ ಬಿಳಿ ಬಟ್ಟೆ ಕಟ್ಟಿಸಿಕೊಂಡು ಮಠದ ಸ್ವಾಮಿಗಳ ಗತ್ತಿನಲ್ಲಿ ಕೂತಿರುತ್ತಿತ್ತು. ಅದರ ಹಕ್ಕುದಾರರು ಇಬ್ಬರೇ: ನಮ್ಮ ಸೋದರತ್ತೆ ಗುರುಬಾಯಿಯ ಇಷ್ಟಲಿಂಗ, ಮತ್ತು ಸುತ್ತಲಿನ ಹಳ್ಳಿಗಳ ಮೋಟರ್ ಸೈಕಲ್ ಬ್ಯಾಟರಿಗಳು. ಹೀಗೆಂದರೆ ಈಗ ನನ್ನ ಮೊಮ್ಮಕ್ಕಳು ನಗುತ್ತಾರೆ. ನಗಲಿ. ಆ ಭರಣಿ ನೆನಪಾದರೆ ನನಗೆ ಮಾತ್ರ ಇಂದಿಗೂ ನಗು ಬರುವುದಿಲ್ಲ.

ನಮ್ಮಪ್ಪನ ಹೆಸರು ಶರಣಪ್ಪ. ಊರಿಗೆಲ್ಲ ಬ್ಯಾಟರಿ ಶರಣಪ್ಪ. ಬೀದಿ ಕಡೆಯ ಪಡಸಾಲೆಯೇ ಅವನ ಅಂಗಡಿ. ಗೋಡೆಗೆ ಹೊಂದಿಸಿದ ಕಲ್ಲಿನ ಕಟ್ಟೆಯ ಮೇಲೆ ಬ್ಯಾಟರಿಗಳು ಸಾಲಾಗಿ ಚಾರ್ಜಿಗೆ ಕೂತಿರುತ್ತಿದ್ದವು. ಒಳಗಿಂದ ಸಣ್ಣಗೆ ಗುಳುಗುಳು ಸದ್ದು, ಮೂಗಿಗೆ ಚುರ್ರೆನ್ನುವ ತೇಜಾಬಿನ ವಾಸನೆ. ಆ ತೇಜಾಬಿನ ಒಂದು ಹನಿ ಸಿಡಿದರೂ ಬಟ್ಟೆಗೆ ತೂತು. ಅಪ್ಪನ ಅಂಗಿ, ಅವ್ವನ ಸೀರೆ, ನನ್ನ ಶಾಲೆಯ ಲಂಗ, ಹಾಸಿಗೆಯ ಕೌದಿ, ಒಂದಾದರೂ ಇಡಿಯಾಗಿ ಉಳಿದಿದ್ದು ನನಗೆ ನೆನಪಿಲ್ಲ. ಅಡುಗೆಮನೆಗೂ ಪಡಸಾಲೆಗೂ ನಡುವೆ ಒಂದೇ ಗೋಡೆ. ಅವ್ವ ರೊಟ್ಟಿ ಬಡಿಯುತ್ತಲೇ ಅಲ್ಲಿಂದ ಕೂಗುತ್ತಿದ್ದಳು:

"ನಮ್ಮಪ್ಪ ನನ್ನ ಮನಷ್ಯಾಗ ಕೊಟ್ಟಾನೋ ತೇಜಾಬಿಗಿ ಕೊಟ್ಟಾನೋ ಕೇಳ್ರಿ ಒಂದೀಟು!"

ಅಪ್ಪ ಉತ್ತರ ಕೊಡುತ್ತಿರಲಿಲ್ಲ. ಅವನದು ಮಾತು ಕಡಿಮೆ, ಸಿಟ್ಟು ಜಾಸ್ತಿ. ಉತ್ತರ ಬರುತ್ತಿದ್ದದ್ದು ದೇವರ ಕೋಣೆಯಿಂದ, ಅತ್ತೆಯಿಂದ.

"ತೇಜಾಬಿಗೇ ಕೊಟ್ಟಾರ ತಂಗಿ. ನಮ್ಮ ತಮ್ಮ ಅದರಕಿಂತಾ ಖಾರ ಅದಾನ."

ಗುರುಬಾಯಿ ಅತ್ತೆ ಅಪ್ಪನ ಅಕ್ಕ. ಅಫಜಲಪುರ ತಾಲೂಕಿನ ಹವಳಗಾಕ್ಕೆ ಮದುವೆಯಾಗಿ ಹೋಗಿ, ಎರಡೇ ವರ್ಷದಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಬಂದವಳು. ನನಗೆ ಬುದ್ಧಿ ಬರುವ ಹೊತ್ತಿಗೆ ಅವಳಿಗೆ ನಲವತ್ತರ ಹತ್ತಿರ. ನೀರು ಅವಳ ಇಲಾಖೆ. ಮುಂಗಾರಿನ ಮೊದಲ ಮಳೆಯನ್ನು ಅವಳು ಮುಟ್ಟುತ್ತಿರಲಿಲ್ಲ. ಅದು ಆಕಾಶದ ಧೂಳು ತೊಳೆಯುವ ಮಳೆಯಂತೆ. ಎರಡನೆಯ ಮಳೆಗೆ ಮಾಳಿಗೆಯ ಮೇಲೆ ನಾಲ್ಕು ಗೂಟಕ್ಕೆ ಒಗೆದ ಮಲ್ಲು ಬಟ್ಟೆ ಕಟ್ಟಿ, ನಡುವೆ ಒಂದು ತೊಳೆದ ಬೆಣಚುಕಲ್ಲು ಇಟ್ಟು, ಅದರ ಕೆಳಗೆ ಮಣ್ಣಿನ ಕೊಡ ಇಟ್ಟು, ತುಂಬಿದಂತೆಲ್ಲ ಕೆಳಗೆ ತಂದು ಭರಣಿಗೆ ಸುರಿಯುತ್ತಿದ್ದಳು. ಆ ನೀರಿಗೆ ಕಬ್ಬಿಣದ ಪಾತ್ರೆ ತಾಗಿಸುವಂತಿಲ್ಲ, ಯಾರೂ ಕೈ ಅದ್ದುವಂತಿಲ್ಲ. ಬ್ಯಾಟರಿಯಲ್ಲಿ ಆರಿದ ನೀರಿನ ಜಾಗಕ್ಕೆ ಅದನ್ನೇ ತುಂಬುವುದು. ಕಲಬುರ್ಗಿಯ ಅಂಗಡಿಯಲ್ಲಿ ಬಾಟಲಿಯ ನೀರು ಸಿಗುತ್ತಿತ್ತು, ಆದರೆ ಅತ್ತೆಯ ನೀರಿನ ಮುಂದೆ ಅದು ಏನೂ ಅಲ್ಲವೆಂದು ಅಪ್ಪನಿಗೆ ಜಂಬ. ಅದೇ ಭರಣಿಯಿಂದ ಅವಳು ದಿನಾ ಬೆಳಿಗ್ಗೆ ಒಂದು ಸಣ್ಣ ಗಿಂಡಿ ನೀರು ತೆಗೆದು ಲಿಂಗಕ್ಕೆ ಎರೆದು ಪೂಜೆ ಮಾಡಿ, ಆ ತೀರ್ಥವನ್ನು ತಾನು ಒಂದು ಗುಟುಕು ಕುಡಿದು ನನಗೊಂದು ಗುಟುಕು ಕೊಡುತ್ತಿದ್ದಳು. ಬ್ಯಾಟರಿಗೂ ಲಿಂಗಕ್ಕೂ ಒಂದೇ ನೀರೇನೆಂದು ಅವ್ವ ಚೇಷ್ಟೆ ಮಾಡಿದರೆ, ಎರಡಕ್ಕೂ ಹೊಲಸು ನಡೆಯುವುದಿಲ್ಲ ಎನ್ನುತ್ತಿದ್ದಳು.

ನೀರಷ್ಟೇ ಅಲ್ಲ, ಆ ಅಂಗಡಿಯ ತಲೆಯೂ ಅವಳದೇ ಆಗಿತ್ತು. ಇದನ್ನು ಬರೆಯಲು ನನಗೆ ಇಷ್ಟು ವರ್ಷ ಬೇಕಾಯಿತು ಎನ್ನುವುದು ನಾಚಿಕೆಯ ಮಾತು. ಅಪ್ಪ ಒಂದು ಗ್ಯಾರೇಜಿನಲ್ಲಿ ನಾಲ್ಕು ವರ್ಷ ದುಡಿದು ಕಲಿತದ್ದನ್ನು ಅತ್ತೆ ಬಾಗಿಲ ಹಿಂದೆ ನಿಂತು ನೋಡುತ್ತ ಕಲಿತು ಅವನನ್ನು ದಾಟಿ ಹೋಗಿದ್ದಳು. ಗಿರಾಕಿಗಳ ಎದುರು ಬರುತ್ತಿರಲಿಲ್ಲ. ಬಾಗಿಲ ಸಂದಿಯಿಂದ ಒಮ್ಮೆ ಕೆಮ್ಮುವಳು. ಅಪ್ಪ ನೀರು ಕುಡಿಯುವ ನೆವದಲ್ಲಿ ಒಳಗೆ ಬಂದು ಅವಳ ಮಾತು ಕೇಳಿಕೊಂಡು ಹೋಗಿ, ತನ್ನದೇ ಎಂಬಂತೆ ಹೇಳುವನು. ಒಮ್ಮೆ ಮಾತ್ರ ಅವಳಿಗೆ ತಡೆಯಲಾಗಲಿಲ್ಲ. ಕಿಣ್ಣಿ ಸುಲ್ತಾನದ ಗೌಡರೊಬ್ಬರು ತಮ್ಮ ಫಟಫಟಿಯ ಸ್ಪೀಡ್ ಮೀಟರಿನ ಮುಳ್ಳು ಸೊನ್ನೆಯ ಮೇಲಿಂದ ಏಳುವುದೇ ಇಲ್ಲವೆಂದು ಪಡಸಾಲೆ ಹಾರಿಹೋಗುವ ಹಾಗೆ ಕೂಗಾಡುತ್ತಿದ್ದರು.

"ಹಂಗಾರ ನಾ ಕಿಣ್ಣಿಯಿಂದ ಆಳಂದಕ್ಕ ಬಂದೇ ಇಲ್ಲೇನು ಶರಣಪ್ಪ? ಇದರ ಲೆಕ್ಕದಾಗ ನಾ ಇನ್ನಾ ಮನ್ಯಾಗೇ ಅದೀನಿ!"

"ನೀವು ಬಂದೀರಿ ಗೌಡ್ರ. ವಾಯರ್ ಬಂದಿಲ್ಲ," ಎಂದಳು ಅತ್ತೆ ಬಾಗಿಲ ಹಿಂದಿನಿಂದ.

ಗಾಲಿಯಿಂದ ಮೀಟರಿಗೆ ಹೋಗುವ ತಂತಿ ನಡುವೆ ತುಂಡಾಗಿತ್ತು. ಗೌಡರು ಬಿದ್ದು ಬಿದ್ದು ನಕ್ಕರು. ಅಪ್ಪ ನಗಲಿಲ್ಲ. ಗಿರಾಕಿ ಹೋದ ಮೇಲೆ ಅವನು ಅಕ್ಕನೊಂದಿಗೆ ಎರಡು ದಿನ ಮಾತು ಬಿಟ್ಟ.

ನನಗೆ ಆ ವಿದ್ಯೆ ಕಲಿಸಿದವಳೂ ಅವಳೇ. ಅಪ್ಪನಿಗೆ ಹೆಣ್ಣು ಹುಡುಗಿ ತೇಜಾಬಿನ ಹತ್ತಿರ ಸುಳಿದರೆ ಆಗುತ್ತಿರಲಿಲ್ಲ. ಮುಖಕ್ಕೆ ಸಿಡಿದರೆ ಯಾರು ಮದುವೆಯಾಗುತ್ತಾರೆ ಎನ್ನುವ ಚಿಂತೆ. ಅವನು ಸಂತೆಗೆ ಹೋದ ಹೊತ್ತು ನೋಡಿ ಅತ್ತೆ ನನ್ನ ಕೈಗೆ ಟೆಸ್ಟ್ ಬಲ್ಬು ಕೊಡುತ್ತಿದ್ದಳು. ಅಂಗೈಯಷ್ಟು ಮರದ ಹಲಗೆಗೆ ಸಿಕ್ಕಿಸಿದ ಒಂದು ದೀಪ, ಎರಡು ವಾಯರು, ಅಷ್ಟೇ. ಬ್ಯಾಟರಿಯ ಎರಡು ತುದಿಗೆ ಹಚ್ಚಿ ನೋಡಿಸುವಳು.

"ಕೆಂಪಗ ಉರದ್ರ ಅದಕ್ಕ ಹಸಿವಿ ಆಗೇದ ಅಂತ. ಬೆಳ್ಳಗ ಉರದ್ರ ಹೊಟ್ಟಿ ತುಂಬೇದ. ಮಿಣಿಮಿಣಿ ಅಂದ್ರ ಎಲ್ಲೋ ಕೈ ಸಡಲೇದ. ತಿಳೀತೇನ ಮಾದಿ? ಬಂದವ್ರು ಬ್ಯಾಟರಿ ಸತ್ತದ ಅಂತಾರ, ಮೀಟರ್ ಕೆಟ್ಟದ ಅಂತಾರ. ನಂಬಬ್ಯಾಡ. ಬ್ಯಾಟರಿ ಬಯ್ಯೂಕಿಂತ ಮೊದಲ ಅರ್ಥಿಂಗ್ ನೋಡು."

ಅರ್ಥಿಂಗ್ ಎಂದರೆ ಬ್ಯಾಟರಿಯ ಮೈನಸ್ ತುದಿಯಿಂದ ಗಾಡಿಯ ಚಾಸಿಗೆ ಬಿಗಿದ ವಾಯರು. ಅಲ್ಲಿ ಒಂದಿಷ್ಟು ತುಕ್ಕು ಹಿಡಿದರೆ ಸಾಕು, ಹಾರ್ನ್ ಗೊಗ್ಗರು ದನಿಯಲ್ಲಿ ಗೊಣಗುತ್ತದೆ, ದೀಪ ಕಣ್ಣು ಮಿಟುಕಿಸುತ್ತದೆ, ಮೀಟರಿನ ಮುಳ್ಳು ಕುಣಿಯುತ್ತದೆ. ಹತ್ತರಲ್ಲಿ ಆರು ಗಾಡಿಗಳ ರೋಗ ಅದೇ. ಚಾಕುವಿನಿಂದ ಹೊಳೆಯುವ ತನಕ ಕೆರೆದು ಬಿಗಿದರೆ ಮುಗಿಯಿತು. ಹೆಡ್‌ಲೈಟಿನ ಮೇಲೆ ಕೂತಿದ್ದ ಕರೆಂಟಿನ ಮುಳ್ಳನ್ನು ಓದುವುದನ್ನೂ ಅವಳು ಹೇಳಿಕೊಟ್ಟಳು. ಎಂಜಿನ್ ಓಡುವಾಗ ಮುಳ್ಳು ಪ್ಲಸ್ ಕಡೆ ವಾಲಿದರೆ ಬ್ಯಾಟರಿಗೆ ಊಟ ಸಿಗುತ್ತಿದೆ ಎಂದು, ಮೈನಸ್ ಕಡೆ ವಾಲಿದರೆ ಕೂಡಿಟ್ಟದ್ದನ್ನು ಕೂತು ತಿನ್ನುತ್ತಿದೆ ಎಂದು. ಗಿರಾಕಿಗಳು ಆ ಮುಳ್ಳನ್ನೇ ಬದಲಿಸಿ ಎಂದು ಹಟ ಹಿಡಿಯುತ್ತಿದ್ದರು. ಮುಳ್ಳು ಸುಳ್ಳು ಹೇಳುವುದಿಲ್ಲ, ಸುಳ್ಳು ಹೇಳುವವರು ಮನುಷ್ಯರು, ಎಂದು ಅತ್ತೆ ಹೇಳುತ್ತಿದ್ದಳು. ಆ ಮಾತಿನ ಬಿಸಿ ನನಗೇ ಮುಟ್ಟುತ್ತದೆಂದು ಆಗ ಗೊತ್ತಿರಲಿಲ್ಲ.

ನಾನು ಆರನೆಯ ತರಗತಿಯಲ್ಲಿದ್ದಾಗ ಶಾಲೆಯ ಗ್ಯಾದರಿಂಗಿನ ನಾಟಕದಲ್ಲಿ ನನಗೆ ರಾಣಿಯ ಪಾತ್ರ ಸಿಕ್ಕಿತು. ಕೂದಲು ಇಳಿಬಿಟ್ಟುಕೊಂಡು ಸಿಂಹಾಸನದ ಮೇಲೆ ಕೂರಬೇಕು, ಫೋಟೋ ತೆಗೆಯುತ್ತಾರೆ. ನನ್ನ ಕೂದಲೋ, ಬಾವಿಯ ನೀರಿಗೆ ತೆಂಗಿನ ಕಸಬರಿಗೆಯಾಗಿತ್ತು. ಗೆಳತಿಯರು ಎಮ್ಮೆಯ ಬಾಲ ಎಂದು ಹಾಡು ಕಟ್ಟಿದ್ದರು. ಅದು ಚಳಿಗಾಲ. ಮಳೆ ನಿಂತು ಎಷ್ಟೋ ತಿಂಗಳಾಗಿತ್ತು, ಭರಣಿ ಕಾಲುಭಾಗಕ್ಕೆ ಇಳಿದಿತ್ತು. ಅಂದು ಅಮಾವಾಸ್ಯೆ. ಅತ್ತೆ ಜಿಡಗಾ ಮಠಕ್ಕೆ ಹೋಗಿದ್ದಳು, ಅವ್ವ ನೆರೆಮನೆಯಲ್ಲಿ ಶ್ಯಾವಿಗೆ ಹೊಸೆಯುತ್ತಿದ್ದಳು, ಅಪ್ಪ ಪಡಸಾಲೆಯಲ್ಲಿ ಯಾರದೋ ಡೈನಮೋ ಬಿಚ್ಚಿಕೊಂಡು ಕೂತಿದ್ದ. ನಾನು ಭರಣಿಯ ಬಟ್ಟೆ ಬಿಚ್ಚಿದೆ. ಒಂದು ಬಕೆಟ್ ನೀರು ತೆಗೆದು ಬಚ್ಚಲಿಗೆ ಒಯ್ದು ತಲೆ ತೊಳೆದುಕೊಂಡೆ. ಅಬ್ಬಬ್ಬಾ, ಎಂಥ ನೊರೆ! ನನ್ನ ಜನ್ಮದಲ್ಲಿ ಅಷ್ಟು ನೊರೆ ಕಂಡಿರಲಿಲ್ಲ. ಕೈತುಂಬ ಹಿಡಿದು ಊದಿದೆ, ಮುಖಕ್ಕೆ ಗಡ್ಡ ಮಾಡಿಕೊಂಡೆ, ಒಬ್ಬಳೇ ನಕ್ಕೆ. ಆಮೇಲೆ ಭರಣಿಯನ್ನು ಬಗ್ಗಿ ನೋಡಿದಾಗ ತಳ ಕಾಣುತ್ತಿತ್ತು. ಬಾವಿಯ ನೀರಿನ ಕೊಡ ಎತ್ತಿ ಮೊದಲಿದ್ದಷ್ಟಕ್ಕೆ ಸುರಿದೆ. ನೀರಿಗೆ ನೀರು ಸೇರಿತು, ಬಣ್ಣ ಬದಲಾಗಲಿಲ್ಲ. ಬಟ್ಟೆ ಕಟ್ಟಿಬಿಟ್ಟೆ. ಸಂಜೆ ಅತ್ತೆ ತಲೆ ಬಾಚುವಾಗ ಕೂದಲು ರೇಷ್ಮೆಯಾಗಿದೆಯಲ್ಲ ಎಂದಳು. ಗೆಳತಿ ಸೀಗೆಕಾಯಿ ಕೊಟ್ಟಿದ್ದಳೆಂದು ಬಾಯಿಗೆ ಬಂದದ್ದು ಹೇಳಿದೆ.

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ಅತ್ತೆ ತೀರ್ಥ ಬಾಯಿಗೆ ಹಾಕಿಕೊಂಡಳು. ನುಂಗಲಿಲ್ಲ. ಬಾಯಲ್ಲೇ ಇಟ್ಟುಕೊಂಡು ಗೋಡೆ ನೋಡಿದಳು, ಗಿಂಡಿ ನೋಡಿದಳು, ಆಮೇಲೆ ನುಂಗಿದಳು.

"ಮಾದಿ, ಭರಣಿ ಮುಟ್ಟೀಯೇನವ್ವ?"

ಅವಳು ಆಣೆ ಕೇಳಿರಲಿಲ್ಲ. ದನಿಯಲ್ಲಿ ಸಿಟ್ಟೂ ಇರಲಿಲ್ಲ. ಹೌದೆಂದಿದ್ದರೆ ಕಿವಿ ಹಿಂಡಿ, ಆ ನೀರನ್ನು ಚೆಲ್ಲಿ, ಕಲಬುರ್ಗಿಯಿಂದ ಬಾಟಲಿ ತರಿಸಿರುತ್ತಿದ್ದಳು, ಅಷ್ಟೇ. ನಾನು ಕೊರಳಲ್ಲಿದ್ದ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದೆ.

"ಲಿಂಗದಾಣಿ ಅತ್ತಿ, ನಾ ಮುಟ್ಟಿಲ್ಲ."

ನಮ್ಮ ಮನೆಯಲ್ಲಿ ಎಲ್ಲವನ್ನೂ ಪರೀಕ್ಷೆ ಮಾಡುತ್ತಿದ್ದರು. ವಾಯರು ಕೆರೆಯುತ್ತಿದ್ದರು, ಫ್ಯೂಸು ಬಿಚ್ಚುತ್ತಿದ್ದರು, ಹೊಸ ಬಲ್ಬನ್ನು ಕೂಡ ಹಚ್ಚಿ ನೋಡದೆ ಒಳಗೆ ತರುತ್ತಿರಲಿಲ್ಲ. ಆದರೆ ಲಿಂಗ ಮುಟ್ಟಿ ಹೇಳಿದ ಮಾತನ್ನು ಯಾರೂ ಕೆದಕುತ್ತಿರಲಿಲ್ಲ. ಅಲ್ಲಿಗೆ ವಿಚಾರಣೆ ಮುಗಿಯಿತು. ಅತ್ತೆ ನನ್ನ ತಲೆ ಸವರಿ, ತನಗೆ ನೆಗಡಿಯಾಗಿರಬೇಕು, ನಾಲಿಗೆಯೇ ಕೆಟ್ಟಿದೆ ಎಂದಳು. ನನ್ನ ಅಂಗೈಗೂ ಒಂದು ಗುಟುಕು ತೀರ್ಥ ಹಾಕಿದಳು. ಒಂದಿಷ್ಟು ಉಪ್ಪುಪ್ಪು. ಕುಡಿದೆ.

ಒಂದು ತಿಂಗಳೊಳಗೆ ಗಿರಾಕಿಗಳು ತಿರುಗಿ ಬರತೊಡಗಿದರು. ಶರಣಪ್ಪ ಸರಿಮಾಡಿದ ಬ್ಯಾಟರಿ ತಿರುಗಿ ಬರುವುದೆಂದರೆ ಆಗದ ಮಾತು. ಹಾರ್ನ್ ಇಲ್ಲ, ದೀಪ ಹತ್ತುವುದಿಲ್ಲ, ಮುಳ್ಳು ಅಲ್ಲಾಡುವುದಿಲ್ಲ. ಅಪ್ಪ ಒಂದೊಂದನ್ನೇ ಬಿಚ್ಚಿದ. ತುದಿಗಳನ್ನು ಬಿಸಿನೀರು, ಸೋಡಾ ಹಾಕಿ ತೊಳೆದ. ಅರ್ಥಿಂಗ್ ಕೆರೆದ. ಡೈನಮೋ ನೋಡಿದ. ಎಲ್ಲ ಬರೋಬರಿ. ಆ ದಿನಗಳಲ್ಲಿ ದನದ ಡಾಕ್ಟರು ಒಬ್ಬರು ಹಳ್ಳಿ ಹಳ್ಳಿಗೆ ಮೋಟರ್ ಸೈಕಲ್ ಮೇಲೆ ತಿರುಗುತ್ತಿದ್ದರು, ಬಲು ಸಭ್ಯ ಮನುಷ್ಯ. ಜಿಡಗಾ ದಾರಿಯಲ್ಲಿ ಹಟ್ಟಹಗಲು ಎತ್ತಿನ ಗಾಡಿಯೊಂದು ತಿರುವಿನಲ್ಲಿ ಅಡ್ಡ ಬಂದಾಗ ಅವರು ಹಾರ್ನ್ ಒತ್ತಿದರು. ಅದು ಉಸಿರೆತ್ತಲಿಲ್ಲ. ತಗ್ಗಿಗೆ ಬಿದ್ದು ಬಲಗೈ ಮುರಿಯಿತು. ಕೈಗೆ ಪಟ್ಟಿ ಕಟ್ಟಿಸಿಕೊಂಡು ಅವರು ಪಡಸಾಲೆಗೆ ಬಂದಾಗ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮನ್ನೇನಾ ನಿಮ್ಮ ಹಂತ್ಯಾಕ ಚಾರ್ಜ್ ಮಾಡ್ಸೀನಲ್ರೀ ಶರಣಪ್ಪ," ಎಂದಷ್ಟೇ ಹೇಳಿದರು.

ಅಪ್ಪನ ಮುಖ ಸುಟ್ಟ ಬದನೆಕಾಯಿಯಾಯಿತು. ಅವರ ಬ್ಯಾಟರಿಯನ್ನು ಬಿಚ್ಚಿ ಪೂರಾ ಚಾರ್ಜ್ ಮಾಡಿ, ಯಾವ ವಾಯರನ್ನೂ ಹಚ್ಚದೆ, ಕಟ್ಟೆಯ ಮೇಲೆ ಸುಮ್ಮನೆ ಇಟ್ಟ. ಮೂರನೆಯ ದಿನ ಟೆಸ್ಟ್ ಬಲ್ಬು ಹಚ್ಚಿದರೆ ಅದು ಕೆಂಪಗೆ ಕಣ್ಣು ತೆರೆದು ಮುಚ್ಚಿತು. ಯಾವ ಗಾಡಿಗೂ ಕಟ್ಟದೆ, ಯಾರಿಗೂ ಕೊಡದೆ, ಕೂತಲ್ಲೇ ಬರಿದಾಗಿತ್ತು. ಅಂದರೆ ರೋಗ ಹೊರಗಿಲ್ಲ, ಒಳಗಿದೆ. ಒಳಗೆ ಹೊಸದಾಗಿ ಬಿದ್ದದ್ದು ನೀರೊಂದೇ. ಅಪ್ಪ ಎದ್ದು ಭರಣಿಯಿಂದ ಒಂದು ಚಮಚ ನೀರು ತಂದು, ತೊಳೆದ ಡಬ್ಬಿಯ ಮುಚ್ಚಳದಲ್ಲಿ ಹಾಕಿ ಸ್ಟವ್ವಿನ ಮೇಲೆ ಇಟ್ಟ. ನಾವೆಲ್ಲ ಸುತ್ತ ನಿಂತಿದ್ದೆವು. ನೀರು ಆರಿತು. ಮುಚ್ಚಳದ ತಳದಲ್ಲಿ ಬಿಳಿ ಹಕ್ಕಳೆ ಉಳಿಯಿತು.

"ಇದು ಮಳಿ ನೀರೇನ ಯಕ್ಕಾ?"

ಅತ್ತೆ ಮುಚ್ಚಳ ಎತ್ತಿಕೊಂಡು ಬೆರಳಿನಿಂದ ಆ ಬಿಳುಪನ್ನು ಒರೆಸಿ ನೋಡಿದಳು.

"ಭರಣಿ ತುಂಬೂವ್ರು ಯಾರು? ಹೇಳು. ಯಾರು?"

"ನಾನಽ."

"ಬಾವಿ ನೀರು ಹಾಕಿ ಕುಂತೀ. ಅರವತ್ತಕ್ಕ ಅರಳು ಮರಳು ಅಂತಾರ, ನಿನಗ ನಲವತ್ತಕ್ಕಽ ಬಂತಲ್ಲ! ಆ ಮನಷ್ಯಾ ಕೈ ಮುರಕೊಂಡು ಬಂದಾನ. ಇನ್ನ ಮ್ಯಾಲ ಬ್ಯಾಟರಿ ಮುಟ್ಟಬ್ಯಾಡ. ಭರಣೀನೂ ಮುಟ್ಟಬ್ಯಾಡ."

ನಾನು ಕಂಬದ ಹಿಂದೆ ನಿಂತಿದ್ದೆ. ನನ್ನ ಕೈ ಲಿಂಗದ ಮೇಲಿತ್ತು. ಹೇಳಬೇಕೆಂದು ಬಾಯಿ ತೆರೆದದ್ದು ಖಂಡಿತ ನೆನಪಿದೆ. ಆದರೆ ಈಗ ಹೇಳಿದರೆ ನೀರು ಕದ್ದದ್ದೊಂದೇ ಅಲ್ಲ, ಲಿಂಗದ ಆಣೆ ಸುಳ್ಳಾದದ್ದೂ ಹೊರಗೆ ಬೀಳುತ್ತದೆ. ಹನ್ನೊಂದು ವರ್ಷದ ನನಗೆ ಅಪ್ಪನ ಏಟಿಗಿಂತ ಅದರ ಹೆದರಿಕೆ ದೊಡ್ಡದು. ಬಾಯಿ ಮುಚ್ಚಿಕೊಂಡೆ. ಅತ್ತೆ ಒಂದು ಸಲವಾದರೂ ನನ್ನ ಕಡೆ ತಿರುಗಿ ನೋಡಲಿಲ್ಲ. ಅವಳಿಗೆ ಎಲ್ಲ ಗೊತ್ತು, ನನ್ನನ್ನು ಉಳಿಸಲೆಂದೇ ನೋಡುತ್ತಿಲ್ಲ ಎಂದು ಅಂದುಕೊಂಡೆ. ಈ ಅಂದುಕೊಂಡದ್ದನ್ನೇ ಸುಮಾರು ಐವತ್ತು ವರ್ಷ ತಲೆದಿಂಬಿನ ಹಾಗೆ ಇಟ್ಟುಕೊಂಡು ಮಲಗಿದೆ.

ಆಮೇಲೆ ಮನೆಯಲ್ಲಿ ಅವಳಿಗೆ ಕೆಲಸವಿಲ್ಲದಂತಾಯಿತು. ಹಾಲು ಉಕ್ಕಿದರೂ ಗುರುಬಾಯಿಯ ಮರೆವು, ಪಲ್ಯಕ್ಕೆ ಖಾರ ಹೆಚ್ಚಾದರೂ ಗುರುಬಾಯಿಯ ಮರೆವು. ಅವ್ವ ಮೊದಲು ಚೇಷ್ಟೆಗೆ ಅನ್ನುತ್ತಿದ್ದಳು, ಹೋಗ್ತಾ ಹೋಗ್ತಾ ನಿಜಕ್ಕೇ ಅನ್ನತೊಡಗಿದಳು. ನಾನೂ ಅಂದಿದ್ದೇನೆ. ನನ್ನ ಪಾಟಿ ನಾನೇ ಶಾಲೆಯಲ್ಲಿ ಬಿಟ್ಟು ಬಂದು, ಅತ್ತೆ ಎಲ್ಲೋ ಇಟ್ಟು ಮರೆತಿದ್ದಾಳೆ ಎಂದು ಕೂಗಿದ್ದೇನೆ. ಎಂಥ ಪಾಪಿ ಬಾಯಿ ನನ್ನದು! ಅವಳು ಅಂದು ಮನೆಯ ಮೂಲೆ ಮೂಲೆಯನ್ನೂ ಹುಡುಕಿದಳು. ಮುಂದಿನ ಮಳೆಗಾಲ ಶುರುವಾಗುವ ಮೊದಲೇ ಹವಳಗಾಕ್ಕೆ, ಮೈದುನನ ಮನೆಗೆ, ಹೋಗುತ್ತೇನೆಂದಳು. ಅಪ್ಪ ಬೇಡವೆನ್ನಲಿಲ್ಲ. ಬಸ್ಸಿನ ಹತ್ತಿರ ನನ್ನ ಕೈ ಹಿಡಿದು, ಲಿಂಗಪೂಜೆ ತಪ್ಪಿಸಬೇಡವೆಂದು ಹೇಳಿ ಹೋದಳು. ಆ ವರ್ಷ ಮಾಳಿಗೆಯ ಮೇಲೆ ಬಟ್ಟೆ ಕಟ್ಟಿದವನು ಅಪ್ಪ. ಮೊದಲ ಗಾಳಿಗೇ ಹರಿದುಹೋಯಿತು. ಅಲ್ಲಿಂದ ಮುಂದೆ ಬಾಟಲಿಯ ನೀರೇ ತರಿಸಿದ.

ಶಾಲಾ ಮಾಸ್ತರಿಣಿಯಾಗಿ ನಾನು ಜೇವರ್ಗಿಗೆ ಬಂದೆ, ಅಲ್ಲೇ ಮದುವೆಯಾಯಿತು, ಅಲ್ಲೇ ರಿಟೈರಾದೆ. ಮದುವೆ ಮುಂಜಿಗಳಲ್ಲಿ ಅತ್ತೆ ಸಿಗುತ್ತಿದ್ದಳು. ಹೇಳಲಿಲ್ಲ. ಅಪ್ಪನಿಗಾದರೂ ಹೇಳಬೇಕೆಂದು ಆಳಂದಕ್ಕೆ ಹೋಗುತ್ತಿದ್ದೆ, ರೊಟ್ಟಿ ತಿಂದು ತಿರುಗಿ ಬರುತ್ತಿದ್ದೆ. ಅಪ್ಪ ತೀರಿಕೊಂಡಾಗ ಮಣ್ಣಿಗೆ ಅತ್ತೆ ಬಂದಿದ್ದಳು. ಅಂದೂ ಹೇಳಲಿಲ್ಲ. ಅವಳಿಗೆ ಗೊತ್ತೇ ಇದೆಯಲ್ಲ, ಗೊತ್ತಿದ್ದವರಿಗೆ ಏನು ಹೇಳುವುದು ಎಂಬ ತಲೆದಿಂಬು ಇತ್ತಲ್ಲ!

ಹೋದ ಚಳಿಗಾಲದಲ್ಲಿ ನಮ್ಮವರ ಬೈಕಿನ ಮೀಟರಿಗೆ ವಿಚಿತ್ರ ರೋಗ ಬಂತು. ಈಗಿನವು ಮುಳ್ಳಿನ ಮೀಟರಲ್ಲ, ಅಂಕಿ ಹೊಳೆಯುವ ಗಾಜು. ಸ್ಟಾರ್ಟ್ ಗುಂಡಿ ಒತ್ತಿದ ಕೂಡಲೇ ಗಾಜು ಕಪ್ಪಾಗಿ ಮತ್ತೆ ಬೆಳಗುವುದು, ಗಡಿಯಾರ ಪ್ರತಿ ಸಲ ಹನ್ನೆರಡಕ್ಕೆ ಹೋಗಿ ನಿಲ್ಲುವುದು. ಜೇವರ್ಗಿಯ ಮಿಸ್ತ್ರಿ ಇಡೀ ಮೀಟರೇ ಹೋಗಿದೆ, ಬದಲಿಸಬೇಕು ಎಂದ. ನಾನು ಪಕ್ಕದಲ್ಲಿ ಕಾಯಿಪಲ್ಯದ ಚೀಲ ಹಿಡಿದು ನಿಂತಿದ್ದೆ.

"ಮೀಟರ್ ಬಯ್ಯೂಕಿಂತ ಮೊದಲ ಅರ್ಥಿಂಗ್ ನೋಡಪ್ಪ," ಎಂದೆ.

ಸೀಟು ಎತ್ತಿ ನೋಡಿದ. ಮೈನಸ್ ವಾಯರಿನ ಬುಡದಲ್ಲಿ ಬಿಳಿ-ಹಸಿರು ಹುಡಿ ಮೆತ್ತಿತ್ತು, ನಟ್ಟು ಸಡಿಲವಾಗಿತ್ತು. ಕೆರೆದು ಬಿಗಿದ. ಗುಂಡಿ ಒತ್ತಿದ. ಗಾಜು ಮಿಟುಕಲಿಲ್ಲ, ಗಡಿಯಾರ ಕದಲಲಿಲ್ಲ.

"ಯಾರ್ ಕಲಿಸ್ಯಾರ್ರೀ ಅಕ್ಕಾರ ನಿಮಗಿದನ್ನ?"

"ನಮ್ಮಪ್ಪ," ಎಂದೆ.

ಥಟ್ಟನೆ ಬಂತು ಆ ಮಾತು. ಜೀವನವಿಡೀ ಹಾಗೇ ಹೇಳಿಕೊಂಡು ಬಂದಿದ್ದೆ. ಸ್ಟಾಫ್ ರೂಮಿನಲ್ಲಿ, ಮಕ್ಕಳ ಮುಂದೆ, ಬೀಗರ ಮುಂದೆ. ಅವಳ ಹೆಸರು ಕೆಡಿಸಿದ್ದು ಸಾಲದೆಂದು ಅವಳ ವಿದ್ಯೆಯನ್ನೂ ಅಪ್ಪನ ಹೆಸರಿಗೆ ಬರೆದುಕೊಟ್ಟಿದ್ದೆ. ಆ ದಿನ ಮನೆಗೆ ಬಂದವಳು ಅನ್ನ ಮುಟ್ಟಲಿಲ್ಲ. ಮುಂದಿನ ರವಿವಾರ ನಮ್ಮವರ ಬೈಕಿನ ಹಿಂದೆ ಕೂತು ಹವಳಗಾಕ್ಕೆ ಹೋದೆ.

ದಾರಿಯುದ್ದಕ್ಕೂ ಸಕ್ಕರೆ ಕಾರ್ಖಾನೆಗೆ ಹೊರಟ ಕಬ್ಬಿನ ಟ್ರ್ಯಾಕ್ಟರುಗಳು, ಗಾಳಿಯಲ್ಲಿ ಬೆಲ್ಲದ ವಾಸನೆ. ಅತ್ತೆಗೆ ಈಗ ತೊಂಬತ್ತರ ಹತ್ತಿರ, ಬೆನ್ನು ಬಾಗಿದೆ, ಕಣ್ಣು ಚುರುಕಾಗಿಯೇ ಇದೆ. ಮೈದುನನ ಸೊಸೆ ಸುವರ್ಣಾ ಒಳ್ಳೆಯ ಹೆಣ್ಣು. ಅವಳ ಜೊತೆ ಅಡುಗೆಮನೆಯಲ್ಲಿ ಕೂತು ಅತ್ತೆಯನ್ನು ನೋಡುತ್ತಿದ್ದೆ. ಸೆರಗಿನ ತುದಿಯಲ್ಲಿ ನಾಲ್ಕೈದು ಗಂಟುಗಳಿದ್ದವು. ಒಂದೊಂದು ಗಂಟು ಒಂದೊಂದು ಕೆಲಸದ ನೆನಪಿಗಂತೆ. ಒಲೆ ಆರಿಸಿ ಮತ್ತೆ ಹೋಗಿ ಮುಟ್ಟಿ ನೋಡಿದಳು. ಬಾಗಿಲ ಚಿಲಕ ಹಾಕಿ ಮತ್ತೆ ಎಳೆದು ನೋಡಿದಳು. ಪಲ್ಯದ ಮುಂದೆ ಉಪ್ಪಿನ ಡಬ್ಬಿ ಹಿಡಿದು, "ಸುವರ್ಣಾ, ನಾ ಉಪ್ಪು ಹಾಕೀನೇನವ್ವ?" ಎಂದು ಕೇಳಿದಳು.

"ಹಾಕಿಲ್ರೀ ಅತ್ತಿ. ಹಾಕ್ರಿ," ಎಂದ ಸುವರ್ಣಾ ನನ್ನ ಕಡೆ ತಿರುಗಿ, "ಈಗಿಂದಲ್ರಿ ಇದು. ನಾ ಲಗ್ನಾಗಿ ಬಂದಾಗಿಂದ ಹಿಂಗಽ. ಅವ್ರಿಗಿ ಅವ್ರ ಕೈ ಮ್ಯಾಲಽ ನಂಬಿಗಿ ಇಲ್ಲ," ಎಂದಳು.

ಅಂಗಳದ ಕಟ್ಟೆಯ ಮೇಲೆ ಅತ್ತೆಯನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ರಾಣಿಯ ಪಾತ್ರ, ಬಕೆಟ್ಟು, ನೊರೆ, ಕೊಡ, ಲಿಂಗದ ಆಣೆ. ಕೊನೆಗೆ, "ನಿನಗ ಗೊತ್ತಿತ್ತಲ್ಲ ಅತ್ತಿ, ನನ್ನ ಸಲುವಾಗಿ ಸುಮ್ಕ ಕುಂತೀ," ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು.

"ಎಲ್ಲಿದು ಗೊತ್ತಿರೋದು? ನೀ ಲಿಂಗ ಮುಟ್ಟಿ ಹೇಳೀದಿ. ನಾ ಯಾಕ ಸಂಶೆ ಪಡ್ಲಿ? ನಾನಽ ತಪ್ಪಿ ಬಾವಿ ಕೊಡ ಸುರದೀನಿ ಅಂತ ತಿಳಕೊಂಡೆ. ಯಾವತ್ತು ಸುರದೆ, ಯಾವತ್ತು ಸುರದೆ ಅಂತ ನೆನಸಿ ನೆನಸಿ ಸಾಕಾದೆ. ನೆನಪಽ ಆಗಲಿಲ್ಲ. ತಮ್ಮ ಅಂದಿದ್ದು ಖರೇ ಅದ, ತಲಿ ಹೋಗೇದ ಅಂದ್ಕೊಂಡೆ."

ನನ್ನ ತಲೆದಿಂಬು ಅಲ್ಲಿಗೆ ಹೋಯಿತು. ಅವಳು ನನ್ನನ್ನು ಉಳಿಸಿರಲಿಲ್ಲ, ನಂಬಿದ್ದಳು. ನನ್ನ ಒಂದು ಸುಳ್ಳನ್ನು ನಂಬಲಿಕ್ಕಾಗಿ ತನ್ನ ನಾಲಿಗೆ, ತನ್ನ ಕೈ, ತನ್ನ ತಲೆ ಮೂರನ್ನೂ ಸುಳ್ಳೆಂದುಕೊಂಡು ಬದುಕಿದ್ದಳು. ನನಗೆ ಅಳು ತಡೆಯಲಾಗಲಿಲ್ಲ. ಅವಳು ಅಳಲಿಲ್ಲ, ನನಗೆ ಸಮಾಧಾನವನ್ನೂ ಹೇಳಲಿಲ್ಲ.

"ನಿಮ್ಮಪ್ಪಗ ಹೇಳೀದೇನ?"

"ಇಲ್ಲ."

"ಹಂಗಾರ ಅಂವ ಅಕ್ಕಗ ಅರಳು ಮರಳು ಅಂತಽ ತಿಳಕೊಂಡು ಹೋದ."

ಅವಳು ಸೆರಗಿನ ಗಂಟುಗಳನ್ನು ಬೆರಳಲ್ಲಿ ಆಡಿಸಿದಳು.

"ಅಂದ್ರ ನನಗ ಮರವಿ ಇದ್ದಿಲ್ಲ."

"ಇದ್ದಿಲ್ಲ ಅತ್ತಿ."

"ಸುವರ್ಣಾ! ಹೊರಗ ಬಾ ಇಲ್ಲಿ. ಬಾಜೂಕಿನಾಕಿನ್ನೂ ಕರಿ." ಸುವರ್ಣಾ, ಪಕ್ಕದ ಮನೆಯಾಕೆ ಇಬ್ಬರೂ ಬಂದು ನಿಂತರು. "ಹೇಳು ಮಾದಿ. ಈಗ ಹೇಳಿದ್ದು ಇವ್ರ ಮುಂದ ಹೇಳು. ಜೋರಾಗಿ ಹೇಳು."

ಹೇಳಿದೆ. ಅರವತ್ತು ದಾಟಿದ, ಸಾವಿರಾರು ಮಕ್ಕಳಿಗೆ ಪಾಠ ಹೇಳಿದ ಹೆಂಗಸು, ಅಂಗಳದಲ್ಲಿ ನಿಂತು, ಭರಣಿಗೆ ಬಾವಿಯ ನೀರು ಸುರಿದವಳು ನಾನು, ಗುರುಬಾಯಿ ಅಲ್ಲ ಎಂದು ಕೂಗಿ ಹೇಳಿದೆ. ಬ್ಯಾಟರಿಯ ವಿದ್ಯೆ ನನಗೆ ಕಲಿಸಿದವಳೂ ಅವಳೇ, ಅಪ್ಪನಲ್ಲ ಎಂದೂ ಹೇಳಿದೆ. ಅತ್ತೆ ಇನ್ನೊಮ್ಮೆ ಹೇಳಿಸಿದಳು. ಆಮೇಲೆ ಎದ್ದು, ಮಧ್ಯಾಹ್ನದ ಊಟದ ಹೊತ್ತಾಯಿತೆನ್ನುತ್ತ ಒಳಗೆ ಹೋದಳು. ನಾವು ಹಿಂದೆಯೇ ಹೋದೆವು. ಒಲೆಯ ಮೇಲೆ ತೊಗರಿ ಬೇಳೆ ಕುದಿಯುತ್ತಿತ್ತು. ಅತ್ತೆ ಉಪ್ಪಿನ ಡಬ್ಬಿ ತೆಗೆದಳು. ಯಾರನ್ನೂ ಕೇಳಲಿಲ್ಲ. ಒಂದು ಹಿಡಿ ತೆಗೆದು ಬೇಳೆಗೆ ಹಾಕಿದಳು. ಸುವರ್ಣಾ ಆಗಲೇ ಉಪ್ಪು ಹಾಕಿದ್ದಳು, ಹೇಳಲೆಂದು ಬಾಯಿ ತೆರೆದಳು. ನಾನು ಅವಳ ಕೈ ಹಿಡಿದುಕೊಂಡೆ.

ಊಟಕ್ಕೆ ಕೂತಾಗ ಬೇಳೆ ಬಾಯಿಗಿಡಲಾಗದಷ್ಟು ಉಪ್ಪಾಗಿತ್ತು. ನಮ್ಮವರು ನನ್ನ ಮುಖ ನೋಡಿದರು, ಸುವರ್ಣಾ ತಲೆ ತಗ್ಗಿಸಿ ರೊಟ್ಟಿ ಮುರಿದಳು. ಹೇಗಾಗಿದೆ ಎಂದು ಅತ್ತೆ ಕೇಳಿದಳು. ಬರೋಬರಿ ಆಗಿದೆ ಎಂದೆ. ಇನ್ನೊಂದು ಸೌಟು ಹಾಕಿಸಿಕೊಂಡು ಉಂಡೆ.